ಕೆಂಪಿಯ ಕ್ರಿಮಿಗೊಬ್ಬ ಮನೆ ಅಳಿಯ

ಶೀಳನೆರೆ
12 ಆಗಸ್ಟ್ 2025

ಚಿ. ರಂಜಿತಳಿಗೆ,

ನಿನ್ನ ಐಸ್ ಪೆಟ್ಟಿಗೆ ಬೆಳಗಿನ ಬಸ್ಸಿಗೆ ಬಂತು. ಶ್ರೀರಂಗಪಟ್ಟಣದಲ್ಲಿ ನೀನು ಹತ್ತಿಸಿದ್ದನ್ನು ಕಂಡಕ್ಟರ್ ನಾಗರಾಜು ತನ್ನ ಸೀಟಿನ ಕೆಳಗೇ ಇಟ್ಟುಕೊಂಡು ಪಾಂಡವಪುರ, ಕೆ.ಆರ್. ಪೇಟೆ ದಾಟಿಸಿ ತಂದು ನನ್ನ ಕೈಗೆ ಕೊಟ್ಟ. ಒಳಗೆ ಏನಣ್ಣ ಎಂದು ಕೇಳಿದ. ಕ್ರಿಮಿ ಹಿಡಿಯುವ ಬೋನು ಎಂದೆ. ಪಾಪ, ಎರಡೂ ಕೈ ಪ್ಯಾಂಟಿಗೆ ಒರೆಸಿಕೊಂಡ.

ಪೆಟ್ಟಿಗೆಯಲ್ಲಿ ಒಂದು ಫಾರಂ ಇಟ್ಟಿದ್ದೀಯ. ಹಸುವಿನ ಹೆಸರು, ವಯಸ್ಸು, ಕೊಟ್ಟ ಔಷಧಿ. ಮೂರೇ ಗೆರೆ. ನಿನ್ನ ಸೋದರಮಾವನಂಥವನಿಗೆ ಮೂರು ಗೆರೆ ಎಲ್ಲಿ ಸಾಕಾಗುತ್ತದೆ? ಹಿಂದುಗಡೆ ಖಾಲಿ ಇತ್ತು, ಅದನ್ನೇ ಕಾಗದ ಮಾಡಿಕೊಂಡೆ. ಫೋನು ಮಾಡಬಹುದಿತ್ತು. ಆದರೆ ನಾನು ಎರಡು ಮಾತಾಡುವಷ್ಟರಲ್ಲಿ ನಿಮ್ಮತ್ತೆ ದ್ಯಾವಮ್ಮ ಕಿತ್ತುಕೊಳ್ಳುತ್ತಾಳೆ. ಕಾಗದದಲ್ಲಿ ಆ ಕಾಟವಿಲ್ಲ. ದೇವಲಾಪುರದ ಸ್ಕೂಲಿನಲ್ಲಿ ಏಳನೇ ಕ್ಲಾಸಿನ ಪತ್ರ ಬರೆಯುವ ಪರೀಕ್ಷೆಗೆ ನಾನೇ ಫಸ್ಟು. ಆ ದಿನ ಎಷ್ಟು ಜನ ಪರೀಕ್ಷೆಗೆ ಕೂತಿದ್ದರು ಎಂದು ನಿಮ್ಮವ್ವನನ್ನು ಕೇಳಬೇಡ.

ಮೈಸೂರಿನ ನಿನ್ನ ಲ್ಯಾಬಿಗೆ ನೀನು ಕೇಳಿದ್ದು ಕೆಚ್ಚಲು ಬಾವು ಮತ್ತೆ ಮತ್ತೆ ಬರುವ ಹಸುವಿನ ಹಾಲು. ಅಂಥದ್ದು ನಮ್ಮ ಕೊಟ್ಟಿಗೆಯಲ್ಲೇ ಇದೆ: ಕೆಂಪಿ, ನಿಮ್ಮತ್ತೆಯ ಹಸು. ಈ ವರ್ಷ ಇದು ಮೂರನೇ ಸಲ. ಡಾಕ್ಟರು ಐದು ದಿನ ಔಷಧಿ ಎನ್ನುತ್ತಾರೆ. ನಾನು ಮೂರೇ ದಿನಕ್ಕೆ ವಾಸಿ ಮಾಡುತ್ತೇನೆ. ಬಾವು ಇಳಿದ ಮೇಲೆ ಇನ್ನೇಕೆ ಚುಚ್ಚುವುದು ಎಂದು ನಿಲ್ಲಿಸಿಬಿಡುತ್ತೇನೆ. ತಿಂಗಳು ಕಳೆದ ಮೇಲೆ ತಿರುಗಿ ಬರುತ್ತದೆ, ಅದು ಬೇರೆ ಮಾತು.

ನನ್ನ ಹಸು ಬೆಳ್ಳಿಗೆ ಇಂಥ ಕಾಯಿಲೆ ಇಲ್ಲ. ಅವಳ ಮೇಲೆ ನೊಣ ಕೂತರೂ ಅಪ್ಪಣೆ ಕೇಳಿ ಕೂರಬೇಕು. ಡಿಸೆಂಬರಿನಲ್ಲಿ ಪಾಂಡವಪುರದಲ್ಲಿ ಹಾಲು ಕರೆಯುವ ಸ್ಪರ್ಧೆ ಇದೆ. ಎರಡು ವರ್ಷದಿಂದ ನಮ್ಮ ದೇವಲಾಪುರದ ರಂಗಸ್ವಾಮಿ ಗೆಲ್ಲುತ್ತಿದ್ದಾನೆ. ಹುಟ್ಟಿದೂರಿನವನ ಕೈಲಿ ಸೋಲುವುದು ಎಂದರೇನು ಎಂದು ಹುಟ್ಟಿದೂರು ಬಿಟ್ಟು ಬಂದವನನ್ನೇ ಕೇಳಬೇಕು. ಈ ಸಲ ಬೆಳ್ಳಿ ಗೆಲ್ಲುತ್ತಾಳೆ ಎಂದು ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನವರೆಗೂ ಹೇಳಿಬಿಟ್ಟಿದ್ದೇನೆ.

ಬಾಟಲಿ ಇಟ್ಟಿದ್ದೇನೆ. ಅರ್ಧ ತುಂಬಿದ್ದೇನೆ, ಸಾಕೋ ಇಲ್ಲವೋ ಹೇಳು.

ಹೀಗೆಂದು ನಿನ್ನ ಮಾವ,
ಹೊನ್ನಪ್ಪ


ಪಾಲಹಳ್ಳಿ
21 ಆಗಸ್ಟ್ 2025

ಪ್ರೀತಿಯ ಮಾವನಿಗೆ,

ಫಾರಮ್ಮಿನ ಹಿಂದೆ ಬರೆದ ಕಾಗದವನ್ನು ನಮ್ಮ ಗೈಡ್ ಮೇಡಂ ನನಗಿಂತ ಮೊದಲು ಓದಿದರು. ನೊಣದ ಸಾಲು ಓದಿ ನಕ್ಕು, ಈ ಮಾದರಿ ಜೋಪಾನ ಎಂದರು. ಅರ್ಧ ಬಾಟಲಿ ಸಾಕು.

ಮಾವ, ಮೂರು ಮಾತು ನಡೆಸಿಕೊಡಬೇಕು. ಕೆಂಪಿಯ ಬಾಟಲಿಗೆ ಕೆಂಪಿಯ ಹಾಲು ಮಾತ್ರ. ಕೆಂಪಿಯನ್ನು ಎಲ್ಲಕ್ಕಿಂತ ಕೊನೆಗೆ ಕರೆಯಬೇಕು, ಇಲ್ಲದಿದ್ದರೆ ನಿನ್ನ ಕೈಯೇ ಕಾಯಿಲೆಯನ್ನು ಬೆಳ್ಳಿಗೆ ಒಯ್ಯುತ್ತದೆ. ಡಾಕ್ಟರು ಐದು ದಿನ ಎಂದರೆ ಐದು ದಿನ.

ಯಾಕೆಂದು ಹೇಳುತ್ತೇನೆ. ಔಷಧಿ ಹಾಕಿದಾಗ ಸಾವಿರಾರು ಕ್ರಿಮಿ ಸಾಯುತ್ತವೆ, ಒಂದೆರಡು ಉಳಿಯುತ್ತವೆ. ಅವು ಗಟ್ಟಿಗರಲ್ಲ. ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ, ಅಷ್ಟೇ. ಔಷಧಿ ದುಡಿಯುತ್ತಿರುವ ಕ್ರಿಮಿಯನ್ನು ಹಿಡಿದಷ್ಟು ಸುಲಭವಾಗಿ ಮಲಗಿದ್ದನ್ನು ಹಿಡಿಯಲಾರದು. ನೀನು ಮೂರನೇ ದಿನ ನಿಲ್ಲಿಸಿದರೆ ಅವು ಮೈಮುರಿದು ಎದ್ದು ಕೂರುತ್ತವೆ.

ನನ್ನ ಕೆಲಸ ಅದಕ್ಕೂ ಒಳಗಿನದು. ಕೆಲವು ಕ್ರಿಮಿಗಳ ಒಳಗೆ ಅವಕ್ಕಿಂತ ಎಷ್ಟೋ ಚಿಕ್ಕದಾದ ವೈರಸ್ಸು ಇರುತ್ತದೆ. ಕ್ರಿಮಿಯ ವಂಶದ ದಾರದಲ್ಲಿ, ಅದೇ ಡಿ.ಎನ್.ಎ.ಯಲ್ಲಿ, ತನ್ನದೂ ಒಂದೆಳೆ ಸೇರಿಸಿಕೊಂಡು ಎಷ್ಟೋ ತಲೆಮಾರು ನಿದ್ದೆ ಮಾಡುತ್ತದೆ. ಕೆಲವು ಔಷಧಿಗಳಿಂದ ಆ ದಾರಕ್ಕೆ ಪೆಟ್ಟು ಬಿದ್ದಾಗ ಎಚ್ಚರಗೊಂಡು, ಮರಿ ಹಾಕಿ, ಕ್ರಿಮಿಯನ್ನು ಒಡೆದು ಹೊರಗೆ ಬರುತ್ತದೆ. ಕೆಲವು ಸಲ ಹಾಗೆ ಮಾಡದೆ, ಮಲಗಿದ ಕಡೆಯಿಂದಲೇ ಕ್ರಿಮಿ ಬದುಕಿಕೊಳ್ಳಲು ನೆರವಾಗುತ್ತದೆ. ಯಾವಾಗ ಒಡೆಯುತ್ತದೆ, ಯಾವಾಗ ಕಾಯುತ್ತದೆ? ಇಷ್ಟೇ ನನ್ನ ಪ್ರಶ್ನೆ. ಒಂದು ವರ್ಷದಿಂದ ಎಂಟು ಊರುಗಳ ಹಾಲು ನೋಡಿದ್ದೇನೆ, ಕೆಂಪಿಯ ಕ್ರಿಮಿಯಷ್ಟು ಚೆನ್ನಾಗಿ ಮಾತಾಡುವುದು ಇನ್ನೊಂದು ಸಿಕ್ಕಿಲ್ಲ. ಡಿಸೆಂಬರಿನಲ್ಲಿ ಮೇಡಂ ಎಲ್ಲವನ್ನೂ ಕೂತು ನೋಡುತ್ತಾರೆ. ಒಪ್ಪಿದರೆ ಇದೇ ನನ್ನ ಪಿಎಚ್.ಡಿ. ಪ್ರಬಂಧ. ಒಪ್ಪದಿದ್ದರೆ ಮೊದಲಿನಿಂದ.

ಅತ್ತೆಗೆ ನಮಸ್ಕಾರ.

ನಿನ್ನ,
ರಂಜಿತ


ಶೀಳನೆರೆ
4 ಸೆಪ್ಟೆಂಬರ್ 2025

ಚಿ. ರಂಜಿತಳಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲಕ್ಕೇ ಅರ್ಥವಾಗಿತ್ತು, ಎರಡನೆಯದು ನಿಮ್ಮತ್ತೆಗೆ ಕೇಳಿಸುವುದಕ್ಕೆ. ನೀನು ಇಷ್ಟುದ್ದ ಬರೆದದ್ದನ್ನು ನಾನು ಒಂದೇ ಮಾತಿನಲ್ಲಿ ಹೇಳುತ್ತೇನೆ, ನಿಮ್ಮ ಮೇಡಂಗೂ ತಿಳಿಸು. ಆ ವೈರಸ್ಸು ಕ್ರಿಮಿಯ ಮನೆ ಅಳಿಯ. ಮಾವನ ಮನೆಗೆ ಬಂದ, ಮೂಲೆಯಲ್ಲಿ ಚಾಪೆ ಹಾಸಿದ, ಮಲಗಿದ. ಆ ಮನೆಯ ರೇಷನ್ ಕಾರ್ಡಿಗೆ ತನ್ನ ಹೆಸರನ್ನೂ ಸೇರಿಸಿಕೊಂಡ. ಮನೆಗೆ ಬೆಂಕಿ ಬಿದ್ದ ದಿನ ಎದ್ದು, ಗೋಡೆ ಒಡೆದು, ಮಕ್ಕಳುಮರಿ ಕಟ್ಟಿಕೊಂಡು ಪಕ್ಕದ ಮನೆಗೆ ಹೊರಟ.

ಇದನ್ನು ಜಗಲಿಯ ಮೇಲೆ ನಾಲ್ಕು ಜನರಿಗೆ ಹೇಳಿ, ಮೈಸೂರಿನ ವಿಜ್ಞಾನವನ್ನೆಲ್ಲ ಕುಡಿದವನ ಹಾಗೆ ಕೂತಿದ್ದೆ. ಒಳಗಿನಿಂದ ನಿಮ್ಮತ್ತೆಯ ದನಿ ಬಂತು: "ಕ್ರಿಮಿ ಅಳಿಯ ಬೆಂಕಿ ಬಿದ್ದಾಗ್ಲಾದ್ರೂ ಎದ್ದೇಳ್ತನೆ. ನಮ್ಮನೇಲಿರೋದು ಯಾವತ್ತ್ ಎದ್ದದು?"

ನಾನು ಮದುವೆಯಾದಾಗ ಈ ಮನೆಗೆ ಬಂದು ಸೇರಿದವನು ಎಂಬುದನ್ನು ಜಗಲಿಯವರು ಮರೆತಿದ್ದರು. ಈಗ ಯಾರೂ ಮರೆತಿಲ್ಲ. ಮೂವತ್ತೊಂದು ವರ್ಷದ ಸಂಸಾರ, ಇಂಥ ಏಟನ್ನು ಅವಳು ಎಲ್ಲಿಟ್ಟುಕೊಂಡಿದ್ದಳೋ.

ಕೆಂಪಿಗೆ ಈ ಸಲ ಬಾವು ಇಳಿದಿದೆ. ಅವಳ ಬಾಟಲಿಯನ್ನು ವಾರ ವಾರವೂ ಕಳಿಸುತ್ತಲೇ ಇದ್ದೇನೆ. ಕೊನೆಗೆ ಕರೆಯಬೇಕು ಎಂದದ್ದೊಂದು ಕಷ್ಟ. ಬೆಳ್ಳಿಯನ್ನು ನಾನು ನೆಮ್ಮದಿಯಾಗಿ, ಎಲ್ಲ ಮುಗಿದ ಮೇಲೆ, ಹಾಡಿಕೊಂಡು ಕರೆಯುವವನು. ಚಾಂಪಿಯನ್ನನ್ನು ಮೊದಲು ಮುಗಿಸಿ ಬಿಸಾಡಲು ಆಗುತ್ತದೆಯೇ? ಕೈ ತೊಳೆದುಕೊಳ್ಳುತ್ತೇನೆ ಬಿಡು.

ಹೀಗೆಂದು,
ಮನೆ ಅಳಿಯ ಹೊನ್ನಪ್ಪ


ಶೀಳನೆರೆ
14 ಅಕ್ಟೋಬರ್ 2025

ಚಿ. ರಂಜಿತಳಿಗೆ,

ಬಾಟಲಿ ಕಳಿಸಿದ್ದೇನೆ. ಈ ಸಲ ಅರ್ಧಕ್ಕೆ ನಿಲ್ಲಿಸಿಲ್ಲ, ಕತ್ತಿನವರೆಗೂ ತುಂಬಿದ್ದೇನೆ. ಕೆಂಪಿ ಈಗ ಪೂರ್ತಿ ವಾಸಿ ಎಂದು ನನ್ನ ಲೆಕ್ಕ. ಆದರೂ ಇದರಲ್ಲಿ ಕ್ರಿಮಿ ಇದ್ದರೆ ಇದೆ ಎಂದು, ಇಲ್ಲದಿದ್ದರೆ ಇಲ್ಲ ಎಂದು ಬೇಗ ತಿಳಿಸು. ಫೋನು ಬೇಡ, ಕಾಗದದಲ್ಲೇ ತಿಳಿಸು. ಪೆಟ್ಟಿಗೆಯನ್ನು ನಿಮ್ಮತ್ತೆಯ ಕೈಗೆ ಕೊಡದೆ ನನ್ನ ಕೈಗೇ ಕೊಡಬೇಕೆಂದು ನಾಗರಾಜುವಿಗೆ ಹೇಳು.

ಬೆಳ್ಳಿ ಚೆನ್ನಾಗಿದ್ದಾಳೆ. ನೀನು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ.

ಹೊನ್ನಪ್ಪ


ಪಾಲಹಳ್ಳಿ
3 ನವೆಂಬರ್ 2025

ಪ್ರೀತಿಯ ಮಾವನಿಗೆ,

ಕ್ರಿಮಿ ಇದೆ. ಆದರೆ ಏನೋ ಎಡವಟ್ಟಾಗಿದೆ.

ಹಿಂದಿನ ಬಾಟಲಿಗಳಲ್ಲಿ ಕೆಂಪಿಯ ಕ್ರಿಮಿಗೆ ಔಷಧಿ ಹಾಕಿದರೆ ಬಹಳಷ್ಟು ಸತ್ತು ಕೆಲವು ಉಳಿಯುತ್ತಿದ್ದವು. ಒಳಗಿನ ನಿನ್ನ ಅಳಿಯ ಹೆಚ್ಚಾಗಿ ಮಲಗಿಯೇ ಇರುತ್ತಿದ್ದ. ಹತ್ತು ಸಲ ಮಾಡಿದರೂ ಹಾಗೇ. ಈ ಬಾಟಲಿಯದ್ದಕ್ಕೆ ಔಷಧಿ ಹಾಕಿ ಬೆಳಿಗ್ಗೆ ನೋಡಿದರೆ, ಮಜ್ಜಿಗೆಯ ಹಾಗೆ ಕದಡಿದ್ದ ಗಾಜಿನ ಪಾತ್ರೆ ನೀರಿನ ಹಾಗೆ ತಿಳಿಯಾಗಿದೆ. ಕ್ರಿಮಿಗಳು ಒಡೆದುಹೋಗಿವೆ, ಎಲ್ಲೆಲ್ಲೂ ವೈರಸ್ಸು. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ತಿಳಿ.

ಅದೇ ಹಸು, ಅದೇ ಕ್ರಿಮಿ, ಅದೇ ಔಷಧಿ. ಹಾಗಿದ್ದ ಮೇಲೆ ತಪ್ಪು ನನ್ನ ಕೈಯದೇ ಆಗಿರಬೇಕು. ಲ್ಯಾಬಿನ ಬೇರೆ ಯಾವುದೋ ವೈರಸ್ಸು ನನ್ನ ಪಾತ್ರೆಗೆ ಬಿದ್ದಿದೆ ಎಂದು ಮೇಡಂಗೆ ಅನುಮಾನ. ಇಂಥ ಕೆಲಸದಲ್ಲಿ ಅದು ಆಗುವಂಥದ್ದೇ, ಆದರೆ ಒಂದು ಬಾಟಲಿಗೆ ಬಿದ್ದಿದ್ದರೆ ಹಿಂದಿನವನ್ನು ನಂಬುವುದು ಹೇಗೆ ಎಂದು ಕೇಳುತ್ತಾರೆ.

ಬಾಟಲಿ ತುಂಬುವಾಗ ಅಲ್ಲಿ ಏನಾದರೂ ಬೇರೆಯಾಗಿತ್ತಾ ಮಾವ? ಸ್ವಲ್ಪ ಯೋಚನೆ ಮಾಡಿ ಬರಿ.

ರಂಜಿತ


ಶೀಳನೆರೆ
9 ನವೆಂಬರ್ 2025

ಚಿ. ರಂಜಿತಳಿಗೆ,

ಇಲ್ಲಿ ಏನೂ ಬೇರೆಯಾಗಿರಲಿಲ್ಲ. ಮೈಸೂರಿನಲ್ಲಿ ಕರೆಂಟು ಹೋಗಿತ್ತೋ ಏನೋ. ನಿಮ್ಮ ಮೇಡಮ್ಮಿನ ಔಷಧಿಯೇ ಹಳೆಯದೋ ಏನೋ. ದೊಡ್ಡವರೂ ತಪ್ಪು ಮಾಡುತ್ತಾರೆ. ಪೆಟ್ಟಿಗೆಯಲ್ಲಿ ಕೋಡುಬಳೆ ಇಟ್ಟಿದ್ದೇನೆ, ನಿಮ್ಮತ್ತೆ ಮಾಡಿದ್ದು. ಚೆನ್ನಾಗಿ ತಿನ್ನು.

ಹೊನ್ನಪ್ಪ


ಪಾಲಹಳ್ಳಿ
17 ನವೆಂಬರ್ 2025

ಮಾವನಿಗೆ,

ಕೋಡುಬಳೆ ಚೆನ್ನಾಗಿತ್ತು.

ಕೆಂಪಿಯ ಬಾಟಲಿಗಳನ್ನೆಲ್ಲ ಕೈಬಿಡುವುದೆಂದು ಮೇಡಂ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜನವರಿಯಿಂದ ಬೇರೆ ಊರಿನ ಹಾಲಿನಲ್ಲಿ ಮೊದಲಿನಿಂದ ಶುರು ಮಾಡಬೇಕು. ಇಂಥದ್ದನ್ನು ಹುಡುಕಿಕೊಂಡು ಕಳೆದ ಒಂದು ವರ್ಷ ಹೋಯಿತು. ಅವ್ವನಿಗೆ ಇನ್ನೂ ಹೇಳಿಲ್ಲ. ದಿನಾ ಲ್ಯಾಬಿಗೆ ಹೋಗಿ, ಎಲ್ಲಿ ತಪ್ಪಿದೆ ಎಂದು ನನ್ನ ಕೈಗಳನ್ನೇ ನೋಡಿಕೊಂಡು ಕೂರುತ್ತೇನೆ.

ಇನ್ನು ಹಾಲು ಕಳಿಸಬೇಡ. ಖಾಲಿ ಪೆಟ್ಟಿಗೆ ಕೊಟ್ಟು ಕಳಿಸು.

ರಂಜಿತ


ಶೀಳನೆರೆ
19 ನವೆಂಬರ್ 2025

ಚಿ. ರಂಜಿತಳಿಗೆ,

ಪೆಟ್ಟಿಗೆ ಖಾಲಿ ಇಲ್ಲ. ಬಿಸಾಡಬೇಡ. ಎರಡು ಬಾಟಲಿ ಇವೆ. ಕೆಂಪು ದಾರ ಕಟ್ಟಿದ್ದು ಕೆಂಪಿಯದು. ಬಿಳಿ ದಾರ ಕಟ್ಟಿದ್ದು ಬೆಳ್ಳಿಯದು. ಔಷಧಿ ಮುಟ್ಟಿಸುವ ಮೊದಲು, ಒಂದೊಂದಕ್ಕೂ ಬೇರೆ ಬೇರೆಯಾಗಿ ಕೈ ತೊಳೆದು ಹಿಡಿದದ್ದು. ಇದನ್ನು ಓದುವಾಗ ಕೂತುಕೊಂಡು ಓದು.

ನಿನ್ನ ಕೈ ತಪ್ಪಿಲ್ಲ. ತಪ್ಪಿದ್ದು ನನ್ನ ಕೈ.

ಅಕ್ಟೋಬರಿನಲ್ಲಿ ಬೆಳ್ಳಿಗೆ ಬಾವು ಬಂತು. ನೀನು ಹೇಳಿದ್ದಂತೆಯೇ, ಕೆಂಪಿಯಿಂದ ಎದ್ದ ಕೈಯಲ್ಲೇ ಅವಳನ್ನು ಕರೆದಿದ್ದೆನೋ, ಬೇರೆ ಎಲ್ಲಿಂದ ಬಂತೋ, ನನಗೆ ಗೊತ್ತಿಲ್ಲ. ಊರಿಗೆಲ್ಲ ಸಾರಿದ್ದೆನಲ್ಲ, ಡಾಕ್ಟರನ್ನು ಕರೆದರೆ ಸುದ್ದಿ ರಂಗಸ್ವಾಮಿಗೆ ಮುಟ್ಟುತ್ತದೆ. ಕೆಂಪಿಯದರಲ್ಲಿ ಉಳಿಸಿದ್ದ ಔಷಧಿ ಇತ್ತು. ಮೂರು ದಿನ ಬೆಳ್ಳಿಗೆ ಕೊಟ್ಟೆ. ಆ ಹಾಲನ್ನು ಡೇರಿಗೆ ಹಾಕಲಿಲ್ಲ, ಅಷ್ಟು ಕೆಟ್ಟವನಲ್ಲ. ಹುಲ್ಲುಮೆದೆಯ ಹಿಂದಿನ ಗುಂಡಿಗೆ ಸುರಿದೆ. ಬಾವು ಇಳಿಯಿತು. ಒಳಗಿನ ಕ್ರಿಮಿ ಪೂರ್ತಿ ಹೋಗಿದೆಯೋ ಇಲ್ಲವೋ ತಿಳಿಯಬೇಕಲ್ಲ? ಆಗ ನನ್ನ ಬುದ್ಧಿ ಓಡಿತು. ಕೆಂಪಿ ವಾಸಿಯಾಗಿದ್ದಾಳೆ, ಅವಳ ಬಾಟಲಿಯಲ್ಲಿ ಕ್ರಿಮಿ ಇರುವುದಿಲ್ಲ. ಅದಕ್ಕೆ ಬೆಳ್ಳಿಯ ಹಾಲು ಸೇರಿಸಿ ಕಳಿಸಿದರೆ, ಕ್ರಿಮಿ ಕಂಡರೆ ಬೆಳ್ಳಿಯದು ಎಂದಾಯಿತು. ಯಾರಿಗೂ ಹೇಳದೆ ಮೈಸೂರಿನ ಪರೀಕ್ಷೆ ಆಯಿತು. ನಿಮ್ಮತ್ತೆಯ ಕಣ್ಣೆದುರು ಅರ್ಧ ಕೆಂಪಿಯದು ಹಿಡಿದೆ. ಅವಳು ಮುಚ್ಚಳ ತರಲು ಒಳಗೆ ಹೋದಾಗ ಉಳಿದರ್ಧ ಬೆಳ್ಳಿಯದು. ಆ ದಿನ ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ಜಾಣ ಇಲ್ಲ ಎಂದುಕೊಂಡಿದ್ದೆ. ಕೆಂಪಿಯೊಳಗೆ ಮಲಗಿದವು ಇನ್ನೂ ಇದ್ದಾವು ಎಂದು ನನಗೆ ಹೊಳೆಯಲಿಲ್ಲ. ನೀನು ಬರೆದಿದ್ದೆ, ನಾನು ಓದಿದ್ದೆ. ಎರಡು ಸಲ.

ಕ್ರಿಮಿ ಇದೆ, ಎಡವಟ್ಟಾಗಿದೆ ಎಂದು ನೀನು ಬರೆದ ಕಾಗದ ಬಂದಾಗಲೇ ನನಗೆ ಗೊತ್ತಾಯಿತು. ಆದರೂ ಕೋಡುಬಳೆ ಕಳಿಸಿದೆ. ಹೇಳಿದರೆ ಪಾಂಡವಪುರದ ಸ್ಪರ್ಧೆ ಹೋಗುತ್ತದೆ ಎಂದು ಹತ್ತು ದಿನ ಸುಮ್ಮನಿದ್ದೆ. ಈಗ ನೀನು ನಿನ್ನ ಕೈ ನೋಡಿಕೊಂಡು ಕೂರುತ್ತೇನೆ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ಬೆಳ್ಳಿಯ ಕೆಚ್ಚಲಿಗೆ ಸ್ಪರ್ಧೆಯ ಆಸೆಯಿಂದ ಕೈ ಹಾಕಲು ಆಗಲಿಲ್ಲ. ಹಾಕಿದ್ದರೂ ಪ್ರಯೋಜನವಿರಲಿಲ್ಲ. ಬಾವು ಮತ್ತೆ ಬಂದಿದೆ.

ನಿಮ್ಮತ್ತೆಗೆ ಎಲ್ಲ ಹೇಳಿದೆ. ಬೈಗುಳಕ್ಕೆ ಮೈ ಒಡ್ಡಿ ನಿಂತಿದ್ದೆ. ಅವಳು ರಾಗಿ ಕೇರುವುದನ್ನು ನಿಲ್ಲಿಸದೆ ಅಂದಳು: "ಬೆಳ್ಳಿ ಸುದ್ದಿ ನಂಗೊತ್ತು. ಊರ್ ಬೆಕ್ಕೆಲ್ಲ ಮೂರ್ ದಿನ ಮೆದೆ ಹಿಂದ್ಕೆ ಮೆರವಣಿಗೆ ಹೋದ್ವಲ್ಲ, ಅಲ್ಲೇನು ಸತ್ಯನಾರಾಯಣ ಪೂಜೆ ನಡೀತಿತ್ತಾ? ಎಷ್ಟ್ ದಿನ ಮುಚ್ಚಿಕ್ಕಂಡಿರ್ತೀಯ ನೋಡವ ಅಂತ ಸುಮ್ನಿದ್ದೆ. ಬಾಟ್ಲಿ ಸುದ್ದಿ ಗೊತ್ತಿರ್ಲಿಲ್ಲ ಕಣಪ್ಪ. ಮಗೀನ್ ಕೆಲ್ಸ ಕೆಡಿಸ್ಬುಟ್ಟಲ್ಲ."

ಕೊನೆಯ ಮಾತು ಮೆಲ್ಲಗೆ ಅಂದಳು. ಅದೇ ಹೆಚ್ಚು ನೋವಾದದ್ದು.

ಡಾಕ್ಟರು ಬಂದಿದ್ದರು. ಎರಡೂ ಹಸುಗಳಿಗೆ ಇವತ್ತಿನಿಂದ ಐದು ದಿನ. ಪಾಂಡವಪುರದ ಸ್ಪರ್ಧೆಯಿಂದ ಬೆಳ್ಳಿಯ ಹೆಸರು ತೆಗೆಸಿದ್ದೇನೆ. ಈ ಕಾಗದವನ್ನು ಮೇಡಂಗೆ ಕೊಡು. ಅವರು ನಂಬದಿದ್ದರೆ ನಾನೇ ಮೈಸೂರಿಗೆ ಬಂದು ಎದುರು ನಿಂತು ಹೇಳುತ್ತೇನೆ.

ಹೊನ್ನಪ್ಪ


ಪಾಲಹಳ್ಳಿ
22 ಡಿಸೆಂಬರ್ 2025

ಪ್ರೀತಿಯ ಮಾವನಿಗೆ,

ತಿಂಗಳು ಪೂರ್ತಿ ಬರೆಯಲಿಲ್ಲ. ಮೊದಲ ವಾರ ಕೋಪಕ್ಕೆ. ಆಮೇಲೆ ಪುರುಸೊತ್ತಿಲ್ಲದೆ.

ಕೆಂಪು ದಾರದ ಬಾಟಲಿಯಲ್ಲಿ ಹಳೆಯ ಕ್ರಿಮಿಯೇ ಇತ್ತು, ಒಳಗೆ ನಿನ್ನ ಮನೆ ಅಳಿಯನೂ ಇದ್ದ. ಔಷಧಿ ಹಾಕಿದೆ. ಬಹಳಷ್ಟು ಸತ್ತವು, ಕೆಲವು ಉಳಿದವು. ಹಿಂದಿನ ಹಾಗೇ. ಬಿಳಿ ದಾರದ ಬಾಟಲಿಯದ್ದು ಬೇರೆಯೇ ಕ್ರಿಮಿ, ಅದರೊಳಗೆ ಅಳಿಯ ಇಲ್ಲ. ಔಷಧಿ ಹಾಕಿದೆ. ಅಲ್ಲೂ ಕೆಲವು ಉಳಿದವು. ಪಾತ್ರೆ ತಿಳಿಯಾಗಲಿಲ್ಲ.

ಆಮೇಲೆ ಎರಡನ್ನೂ ಬೇಕೆಂದೇ ಬೆರೆಸಿ ಔಷಧಿ ಹಾಕಿದೆ. ಮಾವ, ಬೆಳಿಗ್ಗೆ ಪಾತ್ರೆ ನೀರಿನ ಹಾಗೆ ತಿಳಿ. ನಾನು ಲ್ಯಾಬಿನಲ್ಲಿ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ.

ಆಗಿದ್ದು ಇಷ್ಟು. ಔಷಧಿಯ ಪೆಟ್ಟು ಬಿದ್ದಾಗ ಕೆಂಪಿಯ ಕೆಲವು ಕ್ರಿಮಿಗಳಲ್ಲಿ ವೈರಸ್ಸು ಎದ್ದು, ಒಡೆದು, ಹೊರಗೆ ಬರುತ್ತದೆ. ಕೆಂಪಿಯ ಉಳಿದ ಕ್ರಿಮಿಗಳಿಗೆ ಅದು ಏನೂ ಮಾಡಲಾರದು. ಒಳಗೆ ಒಬ್ಬ ಅಳಿಯ ಮಲಗಿದ್ದರೆ ಅದೇ ಜಾತಿಯ ಇನ್ನೊಬ್ಬನನ್ನು ಅವನು ಸೇರಿಸುವುದಿಲ್ಲ. ಬೆಳ್ಳಿಯ ಕ್ರಿಮಿಗಳ ಮನೆಯಲ್ಲಿ ಕಾವಲಿಗೆ ಯಾರೂ ಇಲ್ಲ. ಅಲ್ಲಿಗೆ ನುಗ್ಗಿ ಒಡೆದುಹಾಕುತ್ತದೆ. ಔಷಧಿಯಿಂದ ತಪ್ಪಿಸಿಕೊಂಡಿದ್ದವೂ ಅದರ ಕೈಗೆ ಸಿಕ್ಕಿಬೀಳುತ್ತವೆ. ಕೊನೆಗೆ ಉಳಿದ ನಾಲ್ಕಾರನ್ನು ಹುಡುಕಿ ನೋಡಿದರೆ ಹೆಚ್ಚುಕಡಿಮೆ ಎಲ್ಲದರೊಳಗೂ ಅಳಿಯ ಮಲಗಿದ್ದಾನೆ. ಒಂಟಿಯಾಗಿದ್ದಾಗ ಒಂದು ಕಥೆ, ಜೊತೆ ಸಿಕ್ಕಾಗ ಇನ್ನೊಂದು. ನಾನು ಒಂದು ವರ್ಷ ಒಂದೊಂದೇ ಬಾಟಲಿ ಇಟ್ಟುಕೊಂಡು ಕೇಳುತ್ತಿದ್ದ ಪ್ರಶ್ನೆಗೆ ಅರ್ಧ ಉತ್ತರ ಬೆರಕೆಯಲ್ಲಿತ್ತು.

ಮೇಡಂ ನಿನ್ನ ಕಾಗದವನ್ನು ಕೊನೆಯವರೆಗೂ ಓದಿದರು. ಆಮೇಲೆ, ಇಷ್ಟು ವಿವರವಾಗಿ ತಪ್ಪೊಪ್ಪಿಕೊಂಡ, ಮಾದರಿ ಕಳಿಸುವವರನ್ನು ನಾನು ನೋಡಿಲ್ಲ ಎಂದರು. ಕೆಂಪಿಯ ಹಳೆಯ ಬಾಟಲಿಗಳೆಲ್ಲ ತಿರುಗಿ ಲೆಕ್ಕಕ್ಕೆ ಬಂದವು. ನನ್ನ ವರ್ಷ ನನಗೆ ಸಿಕ್ಕಿತು. ಬೆರಕೆಯದು ಬೇರೆ ಅಧ್ಯಾಯ.

ಇದರ ಅರ್ಥ ಇನ್ನು ಮೇಲೆ ಬೆರೆಸಿ ಕಳಿಸು ಎಂದಲ್ಲ. ಗಾಜಿನ ಪಾತ್ರೆಯಲ್ಲಿ ಆದದ್ದು ಕೆಚ್ಚಲಿನಲ್ಲಿ ಆಗುತ್ತದೆ ಎಂದೂ ಅಲ್ಲ. ಹಸುವಿಗೆ ಐದು ದಿನದ ಔಷಧಿಯೇ.

ಲ್ಯಾಬಿನಲ್ಲಿ ಪ್ರತಿ ವೈರಸ್ಸಿಗೂ ಒಂದು ಹೆಸರು ಬರೆದು ಫ್ರೀಜರಿನಲ್ಲಿ ಇಡುವ ರೂಢಿ. ಕೆಂಪಿಯದ್ದಕ್ಕೆ ನಾನು ಇಟ್ಟ ಹೆಸರು 'ಹೊನ್ನ-1'. ಕೋಪ ಬಂದರೆ ತಿಳಿಸು, ಅಳಿಸುತ್ತೇನೆ.

ನಿನ್ನ,
ರಂಜಿತ


ಶೀಳನೆರೆ
17 ಜನವರಿ 2026

ಚಿ. ರಂಜಿತಳಿಗೆ,

ಅಳಿಸಿದರೆ ನೋಡು. ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನವರೆಗೂ ಹೇಳಿಬಿಟ್ಟಿದ್ದೇನೆ.

ಪಾಂಡವಪುರಕ್ಕೆ ಹಸು ಇಲ್ಲದೆ ಹೋಗಿ ನಿಂತಿದ್ದೆ. ರಂಗಸ್ವಾಮಿಯೇ ಗೆದ್ದ. ಕೊರಳಲ್ಲಿ ಹಾರ ಹಾಕಿಕೊಂಡು ನನ್ನ ಹತ್ತಿರ ಬಂದು ಬೆಳ್ಳಿ ಎಲ್ಲಿ ಎಂದ. ಏನಾದರೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಇದ್ದದ್ದನ್ನು ಹೇಳಿದೆ. ಬಾವು, ಮೂರು ದಿನ, ಬಾಟಲಿ, ನೀನು. ನಗುತ್ತಾನೆ ಎಂದು ಕಾದೆ. ಅವನು ಹಾರ ತೆಗೆದು ಕೈಗೆ ಸುತ್ತಿಕೊಂಡು, ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಂದ.

"ನಾವೂ ಮೂರ್ನೇ ದಿನಕ್ಕೇ ನಿಲ್ಸೋದು ಕಣ್ಲಾ ಹೊನ್ನ. ಇಬ್ರುಗೆ ಹೇಳ್ಬ್ಯಾಡ. ಆ ಐಸ್ ಪೆಟ್ಟಿಗೆ ನಮ್ಮೂರ್ಗೂ ಬತ್ತದಾ?"

ಇಬ್ಬರಿಗೆ ಹೇಳಬೇಡ ಎಂದ, ನಿನ್ನೊಬ್ಬಳಿಗೇ ಹೇಳುತ್ತಿದ್ದೇನೆ. ದೇವಲಾಪುರಕ್ಕೂ ಒಂದು ಪೆಟ್ಟಿಗೆ ಕಳಿಸು. ಫಾರಮ್ಮಿನ ಹಿಂದುಗಡೆ ಖಾಲಿ ಬಿಡಬೇಡ, ಅವನ ಅಕ್ಷರ ಕೆಟ್ಟದಾಗಿದೆ.

ಬೆಳ್ಳಿ, ಕೆಂಪಿ ಇಬ್ಬರೂ ವಾಸಿ. ಡಾಕ್ಟರು ಎರಡು ಸಲ ಪರೀಕ್ಷೆ ಮಾಡಿ ಹೇಳಿದ್ದು, ನನ್ನ ಲೆಕ್ಕವಲ್ಲ. ಸಂಕ್ರಾಂತಿಗೆ ಕೊಂಬಿಗೆ ಬಣ್ಣ ಹಚ್ಚಿ ಕಿಚ್ಚು ಹಾಯಿಸಿದೆವು. ಬೆಳ್ಳಿ ಹಾರಲಿಲ್ಲ, ಬೆಂಕಿಯನ್ನು ಸುತ್ತುಹಾಕಿಕೊಂಡು ಹೋದಳು. ಚಾಂಪಿಯನ್ನರು ಹಾಗೇ. ಮುಂದಿನ ಡಿಸೆಂಬರಿಗೆ ನಮ್ಮದೇ ಹಾರ ಎಂದು ಈಗಾಗಲೇ ಹೇಳಿಟ್ಟಿದ್ದೇನೆ.

ಈಗ ಕೊಟ್ಟಿಗೆಯಲ್ಲಿ ಯಾರನ್ನು ಮೊದಲು ಕರೆಯಬೇಕು, ಯಾರನ್ನು ಕೊನೆಗೆ ಎಂದು ಊರವರೆಲ್ಲ ನನ್ನನ್ನು ಕೇಳುತ್ತಾರೆ. ತನ್ನ ಹೆಸರಿನ ವೈರಸ್ಸು ಇರುವವನು ಈ ಹೋಬಳಿಯಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ ಎನ್ನುತ್ತೇನೆ. ಯಾರೂ ತೋರಿಸಿಲ್ಲ.

ಕೆಳಗೆ ಜಾಗ ಉಳಿದಿದೆ ಎಂದು ನಿಮ್ಮತ್ತೆ ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ. ಕಾಗದದಲ್ಲೂ ನೆಮ್ಮದಿ ಇಲ್ಲ.

ಹೀಗೆಂದು ಮೈಸೂರಿನ ಫ್ರೀಜರಿನಲ್ಲಿಯೂ ಇರುವ ನಿನ್ನ ಮಾವ,
ಹೊನ್ನಪ್ಪ

ರಂಜಿ, ನಾನು ದ್ಯಾವಮ್ಮ. ಎಳ್ಳು ಬೆಲ್ಲ ಇಟ್ಟಿವ್ನಿ, ನಿಮ್ಮವ್ವಂಗೂ ಕೊಡು. ನೀನು ಇಟ್ಟಿರೋ ಹೆಸ್ರು ಸರಿಯಾಗದೆ. ಮಲಗಿದ್ರೂ ತಡ್ಕಬೇಕು, ಎದ್ರೂ ತಡ್ಕಬೇಕು. ಆದ್ರೆ ಈ ಸಲ ಬೆಂಕಿ ಬಿದ್ದಾಗ ತಾನಾಗೇ ಎದ್ದ ಕಣವ್ವ, ಅದನ್ನೂ ಎಲ್ಲಾದ್ರೂ ಬರ್ಕೊ.